‘ನಿಕ್ಷೇಪ’, ‘ಸಂಪನ್ಮೂಲ’, ‘ಬ್ಯಾರೆಲ್’: ತೈಲ ಉದ್ಯಮದ ಪದಗಳು ನಿಜವಾಗಿ ಏನನ್ನು ಅಳೆಯುತ್ತವೆ?

ಬಿಸಿಲುನಾಡು (ಕಲಬುರಗಿ)

ಎಲ್ಲರಿಗೂ ಶರಣು. ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಅರ್ಥಶಾಸ್ತ್ರ ಹೇಳಿಕೊಡುವವನು. ಭಾರತದ 26 ಸಂಚಯನ ಜಲಾನಯನಗಳ ಸರ್ಕಾರಿ ಪಟ್ಟಿಯಲ್ಲಿ ‘ಭೀಮಾ–ಕಲಾದಗಿ’ ಎಂಬ ಹೆಸರಿದೆ, ಆದ್ದರಿಂದ ನಮ್ಮ ಕಾಲಕೆಳಗೇ ತೈಲ ನಿಕ್ಷೇಪವಿದೆ ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ತರಗತಿಯಲ್ಲಿ ಅದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಪತ್ರಿಕೆಗಳು ಮಂಗಳೂರು ಮತ್ತು ಪಾದೂರಿನ ಭೂಗತ ಸಂಗ್ರಹವನ್ನೂ ‘ತೈಲ ನಿಕ್ಷೇಪ’ ಎಂದೇ ಬರೆಯುತ್ತವೆ. ಹಾಗಾದರೆ ಉಡುಪಿ ಜಿಲ್ಲೆಯಲ್ಲೂ ಎಣ್ಣೆ ಬಾವಿಗಳಿವೆಯೇ ಎಂದು ಒಬ್ಬ ಹುಡುಗಿ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ.

ಸುದ್ದಿಯಲ್ಲಿ ಒಂದು ಕಡೆ ಟನ್ನು, ಇನ್ನೊಂದು ಕಡೆ ಬ್ಯಾರೆಲ್, ಮತ್ತೊಂದು ಕಡೆ ‘ಎಂಎಂಎಸ್‌ಸಿಎಂಡಿ’ ಎಂಬ ಉಚ್ಚರಿಸಲೂ ಬಾರದ ಅಳತೆ ಬರುತ್ತದೆ. ಈ ಉದ್ಯಮವನ್ನು ಹತ್ತಿರದಿಂದ ಬಲ್ಲವರು ಈ ಪದಗಳ ಹಿಂದಿನ ಲೆಕ್ಕವನ್ನು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ನಿಘಂಟಿನ ಅರ್ಥ ನನ್ನ ಬಳಿಯೇ ಇದೆ, ಅದು ಬೇಡ.

ಶಹಾಬಾದ್_ಕಲ್ಲು (ಶಹಾಬಾದ್)

ಸರ್, ಮೊದಲು ಆ ಪಟ್ಟಿಯ ವಿಷಯ. 26 ಹೆಸರುಗಳಿರುವುದು ನಿಜ, ಭೀಮಾ–ಕಲಾದಗಿ ಅದರಲ್ಲಿರುವುದೂ ನಿಜ. ಆದರೆ ಸಂದೇಶ ಕಳಿಸಿದವರು ಪಟ್ಟಿಯ ಪಕ್ಕದ ಅಂಕಣವನ್ನು ಓದಿಲ್ಲ. ಜಲಾನಯನಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. ಮುಂಬಯಿ ಕಡಲು, ಅಸ್ಸಾಂ, ಖಂಬಾತ್, ರಾಜಸ್ಥಾನ, ಕೃಷ್ಣಾ–ಗೋದಾವರಿಯಂತಹವು ಮೊದಲನೆಯ ವರ್ಗದವು. ಅಲ್ಲಿ ನಿಕ್ಷೇಪ ಸಿಕ್ಕಿದೆ, ಉತ್ಪಾದನೆಯೂ ನಡೆಯುತ್ತಿದೆ. ಕಚ್ಛ್, ವಿಂಧ್ಯ, ಮಹಾನದಿಯಂತಹವು ಎರಡನೆಯ ವರ್ಗ. ಅಲ್ಲಿ ತೈಲವೋ ಅನಿಲವೋ ಕಂಡಿದೆ, ಆದರೆ ವಾಣಿಜ್ಯ ಉತ್ಪಾದನೆಯ ಹಂತಕ್ಕೆ ಬರಬೇಕಿದೆ. ನಮ್ಮ ಭೀಮಾ–ಕಲಾದಗಿ ಮೂರನೆಯ ವರ್ಗದಲ್ಲಿದೆ, ಎಂದರೆ ಇನ್ನೂ ಏನನ್ನೂ ಕಂಡುಹಿಡಿದಿಲ್ಲ, ಬಂಡೆಗಳ ಸ್ವರೂಪ ನೋಡಿ ಇರಬಹುದೆಂದು ಊಹಿಸಲಾಗಿದೆ ಅಷ್ಟೇ.

ಈ ಮೂರು ವರ್ಗಗಳ ಹಿಂದೆ ಉದ್ಯಮದ ಮೂರು ಬೇರೆ ಬೇರೆ ಪದಗಳಿವೆ. ಬಾವಿ ಕೊರೆದು ತೈಲವನ್ನು ಕಂಡು, ಇಂದಿನ ತಂತ್ರಜ್ಞಾನದಿಂದ, ಲಾಭಕ್ಕೆ, ಒಪ್ಪಿತವಾದ ಯೋಜನೆಯ ಮೂಲಕ ಹೊರತೆಗೆಯಬಹುದಾದ ಪ್ರಮಾಣಕ್ಕೆ ಮಾತ್ರ ‘ರಿಸರ್ವ್’, ಅಂದರೆ ನಿಕ್ಷೇಪ ಎನ್ನುತ್ತಾರೆ. ಕಂಡಿದ್ದರೂ ಬೆಲೆ, ಪೈಪ್‌ಲೈನ್, ಅನುಮತಿ ಇವುಗಳಲ್ಲಿ ಯಾವುದೋ ಒಂದು ಅಡ್ಡಿಯಾಗಿ ತೆಗೆಯಲಾಗದೆ ನಿಂತದ್ದು ‘ಕಂಟಿಂಜೆಂಟ್ ರಿಸೋರ್ಸ್’. ಬಾವಿಯನ್ನೇ ಕೊರೆಯದೆ ಭೂಕಂಪನ ಸಮೀಕ್ಷೆ ಮತ್ತು ಹೋಲಿಕೆಯ ಮೇಲೆ ಅಂದಾಜಿಸಿದ್ದು ‘ಪ್ರಾಸ್ಪೆಕ್ಟಿವ್ ರಿಸೋರ್ಸ್’. ಕನ್ನಡ ಪತ್ರಿಕೆಗಳು ಮೂರಕ್ಕೂ ‘ನಿಕ್ಷೇಪ’ ಎಂದು ಬರೆದುಬಿಡುತ್ತವೆ. ಗೊಂದಲ ಹುಟ್ಟುವುದು ಅಲ್ಲಿಯೇ.

ತೊಗರಿ_ಕಣಜ (ಆಳಂದ)

ಇದನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಕೊರೆಯದೆಯೇ ‘ಇಲ್ಲ’ ಎನ್ನುವುದು ಕೊರೆಯದೆಯೇ ‘ಇದೆ’ ಎನ್ನುವಷ್ಟೇ ತಪ್ಪು. ನಮ್ಮ ಕಡೆ ಕರಿಕಲ್ಲಿನ ಹೊದಿಕೆಯ ಕೆಳಗೆ ಏನಿದೆಯೆಂದು ಯಾರು ಇಳಿದು ನೋಡಿದ್ದಾರೆ?

ಶಹಾಬಾದ್_ಕಲ್ಲು (ಶಹಾಬಾದ್)

ಇಲ್ಲವೆಂದು ನಾನು ಹೇಳಿಲ್ಲ ಅಣ್ಣಾವ್ರೇ, ನಿಕ್ಷೇಪವೆಂದು ಕರೆಯುವಂತಿಲ್ಲ ಎಂದೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಭೀಮಾ ಜಲಾನಯನದ ಸುಣ್ಣಕಲ್ಲೇ. ಅದು ಪ್ರಾಣಿಗಳ ಚಿಪ್ಪುಗಳು ಹುಟ್ಟುವುದಕ್ಕೂ ಮುಂಚಿನ ಕಾಲದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ, ಅಂದರೆ ನಿಮ್ಮ ಆಳಂದದ ಕರಿಕಲ್ಲು, ಅದರ ಮುಂದೆ ನಿನ್ನೆ ಮೊನ್ನೆಯದು. ಬಂಡೆ ಹಳೆಯದೆಂಬ ಒಂದೇ ಕಾರಣಕ್ಕೆ ಆಸೆ ಬಿಡಬೇಕಿಲ್ಲ. ಒಮಾನಿನಲ್ಲಿ ಅಷ್ಟೇ ಪ್ರಾಚೀನ ಬಂಡೆಗಳಿಂದ ಹುಟ್ಟಿದ ತೈಲ ಇಂದಿಗೂ ಬರುತ್ತಿದೆ.

ಆದರೆ ತೈಲ ನಿಲ್ಲಬೇಕಾದರೆ ನಾಲ್ಕು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು. ಸಾವಯವ ಅಂಶವಿದ್ದು ಬೆಂದ ಮೂಲ ಶಿಲೆ, ತೈಲವನ್ನು ಹಿಡಿದಿಡುವ ಸೂಕ್ಷ್ಮರಂಧ್ರಗಳ ಸಂಗ್ರಹ ಶಿಲೆ, ಅದು ಮೇಲೆ ಸೋರಿಹೋಗದಂತೆ ತಡೆಯುವ ಮುಚ್ಚಳದ ಶಿಲೆ, ಮತ್ತು ತೈಲ ಒಂದೆಡೆ ಸೇರುವಂತೆ ಮಡಚಿದ ಅಥವಾ ಮುರಿದ ರಚನೆ. ಇವುಗಳಲ್ಲಿ ಒಂದು ಕೈಕೊಟ್ಟರೂ ಮುಗಿಯಿತು. ಅಂದಹಾಗೆ ಇಲ್ಲಿಯ ‘ಜಲಾನಯನ’ಕ್ಕೂ ಭೀಮಾ ನದಿಯ ನೀರಿನ ಜಲಾನಯನಕ್ಕೂ ಸಂಬಂಧವಿಲ್ಲ. ಇದು ಬಹು ಹಿಂದೆ ಹೂಳು ತುಂಬಿ ಬಂಡೆಯಾದ ತಗ್ಗು. ಅದಕ್ಕೆ ನದಿಯ ಹೆಸರನ್ನು ಎರವಲು ಪಡೆದಿದ್ದಾರೆ.

ಸುರಪುರದ_ಸವಾರ (ಯಾದಗಿರಿ ಜಿಲ್ಲೆ)

ಪಾದೂರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಕರಾವಳಿಯಲ್ಲಿ ಎಂಜಿನಿಯರಿಂಗ್ ಓದಿದವನು. ಅಲ್ಲಿ ಬಾವಿಯೂ ಇಲ್ಲ, ಉತ್ಪಾದನೆಯೂ ಇಲ್ಲ. ವಿದೇಶದಿಂದ ಹಡಗಿನಲ್ಲಿ ಬಂದ ಕಚ್ಚಾ ತೈಲವನ್ನು ಆಪತ್ಕಾಲಕ್ಕೆಂದು ಗಟ್ಟಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ತುಂಬಿಡುತ್ತಾರೆ. ಇದು ‘ವ್ಯೂಹಾತ್ಮಕ ಸಂಗ್ರಹ’. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್, ಒಟ್ಟು 53.3 ಲಕ್ಷ ಟನ್ ಸಾಮರ್ಥ್ಯ. ಸಾಮರ್ಥ್ಯ ಎಂದೆ, ಸಂಗ್ರಹ ಎನ್ನಲಿಲ್ಲ. ಗುಹೆಗಳು ಸದಾ ತುಂಬಿರಬೇಕೆಂದೇನೂ ಇಲ್ಲ. ಪೂರ್ತಿ ತುಂಬಿದರೆ ದೇಶದ ಸುಮಾರು ಒಂಬತ್ತೂವರೆ ದಿನಗಳ ಅಗತ್ಯಕ್ಕೆ ಸಾಕಾಗುತ್ತದೆ ಎಂಬುದು ಸರ್ಕಾರದ ಲೆಕ್ಕ.

ಗುಹೆಯ ಗೋಡೆಗೆ ಉಕ್ಕಿನ ಹೊದಿಕೆ ಇರುವುದಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಗುಹೆಯನ್ನು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಕೊರೆಯುತ್ತಾರೆ, ಮೇಲ್ಭಾಗದಲ್ಲಿ ರಂಧ್ರಗಳ ಸಾಲಿನ ಮೂಲಕ ನೀರು ಊಡುತ್ತಾರೆ, ಸುತ್ತಲಿನ ನೀರಿನ ಒತ್ತಡ ತೈಲದ ಒತ್ತಡಕ್ಕಿಂತ ಹೆಚ್ಚಿರುವುದರಿಂದ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಹೋಗುವುದಿಲ್ಲ. ಜಿನುಗಿದ ನೀರನ್ನು ಪಂಪ್ ಮಾಡಿ ತೆಗೆಯುತ್ತಾರೆ.

ಕೋಟೆ_ಬಾಗಿಲು (ಬೀದರ್)

ಅದನ್ನೇ ಬ್ಯಾರೆಲ್‌ನಲ್ಲಿ ಹೇಳಿ. ಒಂದು ಬ್ಯಾರೆಲ್ ಎಂದರೆ 200 ಲೀಟರ್ ಅಲ್ಲವೇ?

ಲೆಕ್ಕದ_ಮಾಮಾ (ಕಲಬುರಗಿ)

ಅಲ್ಲ. ನೀವು ಹೇಳುತ್ತಿರುವುದು ಗಂಜಿನಲ್ಲಿ ಎಣ್ಣೆ ತುಂಬಿಡುವ ಉಕ್ಕಿನ ಡ್ರಮ್ಮು. ತೈಲ ಮಾರುಕಟ್ಟೆಯ ಬ್ಯಾರೆಲ್ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್. ಅದು ಕೇವಲ ಅಳತೆ. ಇಂದು ಯಾರೂ ಕಚ್ಚಾ ತೈಲವನ್ನು ಪೀಪಾಯಿಯಲ್ಲಿ ತುಂಬಿ ಸಾಗಿಸುವುದಿಲ್ಲ.

ಟನ್ನಿನಿಂದ ಬ್ಯಾರೆಲ್‌ಗೆ ಹೋಗುವಾಗ ಎಚ್ಚರ ಬೇಕು, ಏಕೆಂದರೆ ಟನ್ನು ತೂಕ, ಬ್ಯಾರೆಲ್ ಗಾತ್ರ. ಸರಾಸರಿ ತೈಲಕ್ಕೆ ಒಂದು ಟನ್ನಿಗೆ 7.33 ಬ್ಯಾರೆಲ್ ಎಂದು ಹಿಡಿಯುತ್ತಾರೆ, ಆ ಲೆಕ್ಕದಲ್ಲಿ 53.3 ಲಕ್ಷ ಟನ್ ಎಂದರೆ ಸುಮಾರು 3.9 ಕೋಟಿ ಬ್ಯಾರೆಲ್. ಹಗುರ ತೈಲವಾದರೆ ಟನ್ನಿಗೆ ಹೆಚ್ಚು ಬ್ಯಾರೆಲ್, ಭಾರದ ತೈಲವಾದರೆ ಕಡಿಮೆ. ಈ ಹಗುರ–ಭಾರವನ್ನು ‘ಎಪಿಐ ಗ್ರಾವಿಟಿ’ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅದು ಉಲ್ಟಾ ಅಳತೆ: ನೀರಿಗೆ 10, ಅಂಕಿ ಏರಿದಂತೆ ತೈಲ ಹಗುರ. ಸುಮಾರು 31ಕ್ಕಿಂತ ಮೇಲಿದ್ದರೆ ಹಗುರ, 22ಕ್ಕಿಂತ ಕೆಳಗಿದ್ದರೆ ಭಾರ. ಪರೀಕ್ಷೆಯಲ್ಲಿ ಹುಡುಗರು ಅಂಕಿ ದೊಡ್ಡದಿದ್ದರೆ ಸಾಂದ್ರತೆಯೂ ದೊಡ್ಡದೆಂದು ಬರೆದು ಬರುತ್ತಾರೆ.

ಎಂಎಂಎಸ್‌ಸಿಎಂಡಿ ಎಂದರೆ ದಿನಕ್ಕೆ ಇಷ್ಟು ಮಿಲಿಯನ್ ಸ್ಟ್ಯಾಂಡರ್ಡ್ ಘನ ಮೀಟರ್ ಅನಿಲ ಎಂದರ್ಥ. ಈ ಉದ್ಯಮದಲ್ಲಿ ಒಂದು ‘ಎಂ’ ರೋಮನ್ ಅಂಕಿಯಂತೆ ಸಾವಿರ, ಎರಡು ‘ಎಂ’ ಸಾವಿರದ ಸಾವಿರ, ಅಂದರೆ ಹತ್ತು ಲಕ್ಷ. ಒಂದೇ ‘ಎಂ’ ನೋಡಿ ಮಿಲಿಯನ್ ಎಂದು ಓದಿದವರ ಲೆಕ್ಕ ಸಾವಿರ ಪಟ್ಟು ಉಬ್ಬುತ್ತದೆ.

ಕೋಟೆ_ಬಾಗಿಲು (ಬೀದರ್)

‘ಸ್ಟ್ಯಾಂಡರ್ಡ್’ ಘನ ಮೀಟರ್ ಎಂದರೇನು ಮಾಮಾ? ಘನ ಮೀಟರಿನಲ್ಲೂ ಅಸಲಿ ನಕಲಿ ಉಂಟೇ?

ಲೆಕ್ಕದ_ಮಾಮಾ (ಕಲಬುರಗಿ)

ಅನಿಲವನ್ನು ಒತ್ತಿದರೆ ಕುಗ್ಗುತ್ತದೆ, ಕಾಯಿಸಿದರೆ ಹಿಗ್ಗುತ್ತದೆ. ಆದ್ದರಿಂದ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಸಾಮಾನ್ಯ ವಾಯುಭಾರದಲ್ಲಿ ಅದು ಎಷ್ಟು ಜಾಗ ಹಿಡಿಯುತ್ತದೆಯೋ ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಉಷ್ಣತೆ, ಒತ್ತಡ ಹೇಳದ ಘನ ಮೀಟರಿಗೆ ವ್ಯಾಪಾರದಲ್ಲಿ ಬೆಲೆಯಿಲ್ಲ.

ಬಂಕ್_ನೋಡಿಕೊಳ್ಳುವವ (ಯಾದಗಿರಿ)

ಈ 15 ಡಿಗ್ರಿಯ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನಮ್ಮ ಬಂಕಿನಲ್ಲಿ ಪ್ರತಿದಿನ ಇದರದೇ ಜಗಳ. ಟ್ಯಾಂಕರ್ ಬಂದಾಗ ಚಲನ್‌ನಲ್ಲಿ 15 ಡಿಗ್ರಿಗೆ ಪರಿವರ್ತಿಸಿದ ಸಾಂದ್ರತೆಯನ್ನು ಬರೆದಿರುತ್ತಾರೆ. ನಾವು ಜಾರಿನಲ್ಲಿ ಮಾದರಿ ತೆಗೆದು, ಹೈಡ್ರೋಮೀಟರ್ ಮತ್ತು ಥರ್ಮಾಮೀಟರ್ ಇಳಿಸಿ ಆ ಕ್ಷಣದ ಸಾಂದ್ರತೆ ಓದುತ್ತೇವೆ, ನಂತರ ಕೋಷ್ಟಕ ನೋಡಿ ಅದನ್ನು 15 ಡಿಗ್ರಿಗೆ ತರುತ್ತೇವೆ. ಚಲನ್‌ಗೂ ನಮ್ಮ ಓದಿಗೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಟ್ಯಾಂಕರ್ ಖಾಲಿ ಮಾಡಿಸಿಕೊಳ್ಳುವಂತಿಲ್ಲ. ಪೆಟ್ರೋಲ್ ಘನ ಮೀಟರಿಗೆ 720ರಿಂದ 775 ಕಿಲೋ ನಡುವೆ ಇರಬೇಕು. ನಮ್ಮ ಬೇಸಿಗೆಯಲ್ಲಿ ಹೈಡ್ರೋಮೀಟರಿನ ನೇರ ಓದು ಅದಕ್ಕಿಂತ ಕೆಳಗೂ ಇಳಿಯಬಹುದು; ಅದನ್ನು ಕಂಡು ಕಲಬೆರಕೆಯೆಂದು ಕೂಗಾಡುವ ಗಿರಾಕಿಗಳಿಗೆ ಕೋಷ್ಟಕ ತೋರಿಸಿಯೇ ಸಮಾಧಾನ ಹೇಳಬೇಕು.

ಬೆಳಗಿನ ಜಾವ ತಂಪಿರುವಾಗ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಸಿಗುತ್ತದೆ ಎಂಬ ನಂಬಿಕೆಗೂ ಇಲ್ಲಿಯೇ ಉತ್ತರಿಸಿಬಿಡುತ್ತೇನೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಪೆಟ್ರೋಲ್ ಸಾವಿರ ಲೀಟರಿಗೆ ಸುಮಾರು ಒಂದು ಲೀಟರ್ ಹಿಗ್ಗುತ್ತದೆ ಎಂಬುದು ನಿಜ. ಆದರೆ ನಮ್ಮ ಟ್ಯಾಂಕ್ ನೆಲದೊಳಗಿದೆ, ಮೇಲೆ ಬಿಸಿಲು ಏರಿಳಿದರೂ ಒಳಗಿನ ಉಷ್ಣತೆ ಒಂದೇ ದಿನದಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಅಳತೆಯ ಬಗ್ಗೆ ಸಂಶಯವಿದ್ದರೆ 5 ಲೀಟರಿನ ಮುದ್ರೆಯೊತ್ತಿದ ಅಳತೆ ಪಾತ್ರೆ ಕೇಳಿ, ಗುಣಮಟ್ಟದ ಸಂಶಯವಿದ್ದರೆ ಫಿಲ್ಟರ್ ಪೇಪರ್ ಕೇಳಿ, ಕೊಡಲೇಬೇಕು.

ಜೇವರ್ಗಿ_ಅಕ್ಕ

ಪದಗಳ ಗೊಂದಲ ಬಂಕಿಗಷ್ಟೇ ಅಲ್ಲ, ಅಡುಗೆಮನೆಗೂ ಬಂದಿದೆ. ಪೈಪಿನಲ್ಲಿ ಬರುವುದೂ ಗ್ಯಾಸ್, ಸಿಲಿಂಡರಿನದೂ ಗ್ಯಾಸ್. ಎರಡೂ ಒಂದೇ ಎಂದು ನೆರೆಮನೆಯವರು ವಾದಿಸುತ್ತಾರೆ. ಒಲೆ ಬದಲಿಸಬೇಕೇ ಬೇಡವೇ ಯಾರಾದರೂ ಹೇಳಿ.

ಸುರಪುರದ_ಸವಾರ (ಯಾದಗಿರಿ ಜಿಲ್ಲೆ)

ಅಕ್ಕಾವ್ರೇ, ಒಲೆಯನ್ನೇ ಬದಲಿಸಬೇಕಿಲ್ಲ, ಆದರೆ ಅದರ ಜೆಟ್ಟನ್ನು, ಅಂದರೆ ಅನಿಲ ಹೊರಬರುವ ಸಣ್ಣ ರಂಧ್ರದ ಬಿಡಿಭಾಗವನ್ನು, ಅನಿಲ ಕಂಪನಿಯ ತಂತ್ರಜ್ಞರಿಂದ ಬದಲಿಸಿಕೊಳ್ಳಲೇಬೇಕು. ಸಿಲಿಂಡರಿನ ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್. ಮಿತವಾದ ಒತ್ತಡಕ್ಕೇ ದ್ರವವಾಗುತ್ತದೆ. ಪೈಪಿನ ಪಿಎನ್‌ಜಿಯಲ್ಲಿ ಇರುವುದು ಮುಖ್ಯವಾಗಿ ಮೀಥೇನ್. ಅದೇ ಮೀಥೇನನ್ನು 200 ಬಾರ್‌ಗೂ ಮೀರಿ ಒತ್ತಿ ಆಟೊ, ಬಸ್ಸುಗಳಿಗೆ ತುಂಬಿದರೆ ಸಿಎನ್‌ಜಿ. ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಂಪಾಗಿಸಿ ದ್ರವ ಮಾಡಿ ಹಡಗಿನಲ್ಲಿ ತಂದರೆ ಎಲ್‌ಎನ್‌ಜಿ, ಆಗ ಅದರ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಮನೆಯವರು ತಿಳಿಯಲೇಬೇಕಾದ ವ್ಯತ್ಯಾಸ ಬೇರೆಯೇ ಇದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ, ಮೋರಿಯ ಬಾಯಿಯಲ್ಲಿ ಶೇಖರವಾಗುತ್ತದೆ. ಮೀಥೇನ್ ಹಗುರ, ಮಾಳಿಗೆಯತ್ತ ಏರುತ್ತದೆ. ಕಿಟಕಿ ಎತ್ತರದಲ್ಲಿದ್ದು ನೆಲಮಟ್ಟದಲ್ಲಿ ಗಾಳಿಗೆ ದಾರಿ ಇಲ್ಲದ ಮನೆಯಲ್ಲಿ ಸಿಲಿಂಡರ್ ಇಡುವುದು ಸರಿಯಲ್ಲ. ಎರಡಕ್ಕೂ ಸ್ವಂತ ವಾಸನೆಯಿಲ್ಲ; ಸೋರಿಕೆ ತಿಳಿಯಲೆಂದೇ ಮರ್ಕಾಪ್ಟಾನ್‌ನಂತಹ ಗಂಧಕದ ಸಂಯುಕ್ತವನ್ನು ಬೆರೆಸುತ್ತಾರೆ.

ಹುಮನಾಬಾದಿನವ (ಈಗ ಕೊಲ್ಲಿಯಲ್ಲಿ)

ವಾಸನೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಕೊಲ್ಲಿ ದೇಶವೊಂದರಲ್ಲಿ ತೈಲಬಾವಿ ಕೊರೆಯುವ ರಿಗ್ಗಿನ ಮೇಲೆ ದುಡಿಯುತ್ತೇನೆ. ನಮ್ಮ ಬೀದರ್, ಕಲಬುರಗಿಯ ಹುಡುಗರು ಐಟಿಐ ಮುಗಿಸಿ ಇಲ್ಲಿಗೆ ಬರುತ್ತಾರೆ. ಏಜೆಂಟರು ಸಂಬಳ ಹೇಳುತ್ತಾರೆ, ಪದಗಳನ್ನು ಹೇಳಿಕೊಡುವುದಿಲ್ಲ. ಅವುಗಳಲ್ಲಿ ಮೊದಲನೆಯದು ‘ಸಾವರ್ ಗ್ಯಾಸ್’. ಪುಸ್ತಕದಲ್ಲಿ ಗಂಧಕ ಶೇಕಡಾ ಅರ್ಧಕ್ಕಿಂತ ಕಡಿಮೆಯಿರುವ ತೈಲವನ್ನು ಸಿಹಿ, ಹೆಚ್ಚಿರುವುದನ್ನು ಹುಳಿ ಎಂದು ಬರೆದಿರುತ್ತಾರೆ, ಓದುವವರು ಅದನ್ನು ಸಂಸ್ಕರಣಾಗಾರದ ಖರ್ಚಿನ ವಿಷಯವೆಂದು ತಿಳಿಯುತ್ತಾರೆ. ರಿಗ್ಗಿನ ಮೇಲೆ ‘ಸಾವರ್’ ಎಂದರೆ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೂ ಮೂಗಿಗೆ ತಾಗುತ್ತದೆ. ಆದರೆ 100 ಪಾಲಿಗೆ ಏರಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಜಡವಾಗಿ ವಾಸನೆಯೇ ನಿಂತುಹೋಗುತ್ತದೆ. ಹೊಸಬರು ಆಗ ಅನಿಲ ಹೋಯಿತೆಂದು ಉಸಿರಾಟದ ಮುಖವಾಡ ತೆಗೆಯುತ್ತಾರೆ. ಇನ್ನೂ ಏರಿದರೆ ನಿಂತಲ್ಲೇ ಬೀಳುತ್ತಾರೆ. ಅದೂ ಗಾಳಿಗಿಂತ ಭಾರವಾದ ಅನಿಲ, ತಗ್ಗಿನಲ್ಲಿ ಮಲಗಿರುತ್ತದೆ. ಬಿದ್ದವನನ್ನು ಎತ್ತಲು ಮುಖವಾಡವಿಲ್ಲದೆ ಓಡಿದವನೂ ಅಲ್ಲಿಯೇ ಬೀಳುತ್ತಾನೆ. ಸೈರನ್ ಕೂಗಿದರೆ ಗಾಳಿಯ ದಿಕ್ಕು ತೋರುವ ಗಾಳಿಚೀಲ ನೋಡಿ, ಗಾಳಿಗೆ ಅಡ್ಡಲಾಗಿ ಹೊರಬಂದು, ಅನಿಲಕ್ಕಿಂತ ಮೇಲ್ಗಾಳಿಯಲ್ಲಿ, ಅಂದರೆ ಗಾಳಿ ಬೀಸಿಬರುವ ಕಡೆ ಇರುವ, ಎಲ್ಲರೂ ಸೇರುವ ಜಾಗಕ್ಕೆ ಹೋಗಬೇಕು.

ಎರಡನೆಯದು ‘ಕಿಕ್’ ಮತ್ತು ‘ಬ್ಲೋಔಟ್’. ಪತ್ರಿಕೆಗಳು ಎರಡನ್ನೂ ಸ್ಫೋಟ ಎನ್ನುತ್ತವೆ. ಬಾವಿಯೊಳಗೆ ನಾವು ಸದಾ ‘ಮಡ್’ ತುಂಬಿರುತ್ತೇವೆ, ಅದು ನೀರಿಗೋ ಎಣ್ಣೆಗೋ ಬೆಂಟೊನೈಟ್ ಮಣ್ಣು ಮತ್ತು ಬೆರೈಟ್ ಪುಡಿ ಕಲಸಿದ ಭಾರದ ದ್ರವ. ಅದರ ತೂಕ ಬಂಡೆಯೊಳಗಿನ ಒತ್ತಡವನ್ನು ಕೆಳಗೇ ತಡೆದು ನಿಲ್ಲಿಸುತ್ತದೆ. ತೂಕ ಸಾಲದೆ ಅನಿಲ ಬಾವಿಯೊಳಗೆ ನುಗ್ಗಿದರೆ ಅದು ‘ಕಿಕ್’. ತೊಟ್ಟಿಗೆ ಮರಳುವ ಮಡ್ ಹೆಚ್ಚಾದಾಗಲೇ ಗುರುತಿಸಿ, ಬಿಒಪಿ ಎಂಬ ಭಾರಿ ಕವಾಟ ಮುಚ್ಚಿ, ಹೆಚ್ಚು ತೂಕದ ಮಡ್ ಇಳಿಸಿ ಹತೋಟಿಗೆ ತರುತ್ತೇವೆ. ಆ ಹತೋಟಿ ತಪ್ಪಿ ಅನಿಲ ಮೇಲೆ ಚಿಮ್ಮಿದರೆ ‘ಬ್ಲೋಔಟ್’. ಅದಕ್ಕೆ ಬೆಂಕಿ ಹೊತ್ತಿಕೊಳ್ಳಲೇಬೇಕೆಂದಿಲ್ಲ. ಅಸ್ಸಾಮಿನ ಬಾಘ್‌ಜಾನ್‌ನಲ್ಲಿ 2020ರ ಮೇ 27ರಂದು ಅನಿಲ ಚಿಮ್ಮಲಾರಂಭಿಸಿತು, ಬೆಂಕಿ ಹತ್ತಿದ್ದು ಜೂನ್ 9ರಂದು.

ಬೋರ್_ಗಾಡಿ (ಶಹಾಪುರ)

ಅಣ್ಣಾ, ನಾನು ಕೊಳವೆಬಾವಿ ಕೊರೆಯುವವನು. ನಮ್ಮದೂ ರಿಗ್ಗೇ, ನಮ್ಮಲ್ಲೂ ಕೇಸಿಂಗ್, ಬಿಟ್, ರಾಡ್ ಎಲ್ಲವೂ ಇವೆ. ನಮ್ಮ ಗಾಡಿಯವರು ಅಲ್ಲಿಗೆ ಬಂದರೆ ಬೇಗ ಕಲಿತಾರಲ್ಲವೇ?

ಹುಮನಾಬಾದಿನವ (ಈಗ ಕೊಲ್ಲಿಯಲ್ಲಿ)

ಹೆಸರುಗಳು ಒಂದೇ ತಮ್ಮಾ, ಕೆಲಸ ಬೇರೆ. ನಿಮ್ಮ ಗಾಡಿ ಕಂಪ್ರೆಸರಿನ ಗಾಳಿಯಿಂದ ಹ್ಯಾಮರ್ ಬಡಿದು ಕಲ್ಲನ್ನು ಪುಡಿ ಮಾಡುತ್ತದೆ, ಪುಡಿಯನ್ನು ಆ ಗಾಳಿಯೇ ಮೇಲೆ ಊದುತ್ತದೆ. ಇಲ್ಲಿ ಬಿಟ್ಟನ್ನು ತಿರುಗಿಸಿ ಕೊರೆಯುತ್ತಾರೆ, ಪುಡಿಯನ್ನು ಮಡ್ ಹೊತ್ತು ತರುತ್ತದೆ. ನೀವು ಮೇಲಿನ ಮಣ್ಣು ಕುಸಿಯದಿರಲೆಂದು ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ ಕೇಸಿಂಗ್ ಇಳಿಸುತ್ತೀರಿ. ಇಲ್ಲಿ ಅಗಲದ ಕೇಸಿಂಗಿನೊಳಗೆ ಅದಕ್ಕಿಂತ ಕಿರಿದು, ಅದರೊಳಗೆ ಇನ್ನೂ ಕಿರಿದು ಎಂದು ಹಂತಹಂತವಾಗಿ ಆಳಕ್ಕೆ ಇಳಿಸಿ, ಪ್ರತಿ ಹಂತದಲ್ಲೂ ಹಿಂಬದಿಯ ಸಂದಿಗೆ ಸಿಮೆಂಟ್ ತುಂಬುತ್ತಾರೆ. ನೀರು ಬಂತೆಂದರೆ ನಿಮ್ಮಲ್ಲಿ ಕುಣಿತ. ಇಲ್ಲಿ ಹೇಳದೆ ಕೇಳದೆ ಏನಾದರೂ ಮೇಲೆ ಬಂದರೆ ಕವಾಟ ಮುಚ್ಚುವ ಓಟ. ಆದರೂ ರಾಡು ಜೋಡಿಸುವ ಕೈಚಳಕ ಬಲ್ಲವರಿಗೆ ಖಂಡಿತ ಅನುಕೂಲವಿದೆ.

ತೊಗರಿ_ಕಣಜ (ಆಳಂದ)

ರಿಗ್ಗಿನ ಮಾತು ಸಾಕು, ನನ್ನ ಮೊದಲಿನ ತಕರಾರು ಇನ್ನೂ ಇದೆ. ತೈಲ 50 ವರ್ಷಗಳಲ್ಲಿ ಮುಗಿಯುತ್ತದೆ ಎಂದು ಶಾಲೆಯಲ್ಲಿ ಕಲಿತೆವು, ಈಗಲೂ ಅದನ್ನೇ ಹೇಳುತ್ತಾರೆ. ಪ್ರಮಾಣ ನಿಜವಾಗಿ ತಿಳಿದಿದ್ದರೆ ಅವಧಿ ಇಳಿಯಬೇಕಿತ್ತಲ್ಲ?

ಲೆಕ್ಕದ_ಮಾಮಾ (ಕಲಬುರಗಿ)

ಅದು ನಿಕ್ಷೇಪವನ್ನು ವಾರ್ಷಿಕ ಉತ್ಪಾದನೆಯಿಂದ ಭಾಗಿಸಿ ಬಂದ ಅನುಪಾತ, ಮುಗಿಯುವ ದಿನಾಂಕವಲ್ಲ. ಭಾಗಿಸುವ ಅಂಕಿಯೂ ಬದಲಾಗುತ್ತದೆ, ಭಾಗವಾಗುವ ಅಂಕಿಯೂ ಬದಲಾಗುತ್ತದೆ. ಹಿಂದೆ ‘ಕಂಟಿಂಜೆಂಟ್’ ಎಂದು ಬದಿಗಿಟ್ಟದ್ದು ಬೆಲೆ ಏರಿದಾಗ ನಿಕ್ಷೇಪವಾಗುತ್ತದೆ, ಬೆಲೆ ಕುಸಿದಾಗ ಮರಳಿ ಹೊರಗೆ ಹೋಗುತ್ತದೆ. ನೆಲದೊಳಗೆ ಒಂದು ಹನಿಯೂ ಅಲುಗಿರುವುದಿಲ್ಲ. ಸಾಲದ್ದಕ್ಕೆ, ಬಂಡೆಯೊಳಗಿರುವ ಒಟ್ಟು ತೈಲದಲ್ಲಿ ಹೊರಬರುವುದು ಸರಾಸರಿ ಮೂರರಲ್ಲಿ ಒಂದು ಪಾಲು ಮಾತ್ರ. ಆ ಪಾಲು ಸ್ವಲ್ಪ ಹೆಚ್ಚಿದರೂ ನಿಕ್ಷೇಪದ ಅಂಕಿ ಏರುತ್ತದೆ.

ಶಹಾಬಾದ್_ಕಲ್ಲು (ಶಹಾಬಾದ್)

ಜೊತೆಗೆ, ನಿಕ್ಷೇಪ ಎಂಬುದು ಒಂದೇ ಅಂಕಿಯಲ್ಲ. ‘1ಪಿ’ ಎಂದರೆ ಸಾಬೀತಾದದ್ದು, ಅಷ್ಟಾದರೂ ಸಿಗುವ ಸಂಭವ ಶೇ 90. ‘2ಪಿ’ಯಲ್ಲಿ ಸಂಭವನೀಯವೂ ಸೇರಿ ಅದಕ್ಕೆ ಶೇ 50, ‘3ಪಿ’ಗೆ ಶೇ 10. ಕಂಪನಿಯೊಂದು ದೊಡ್ಡ ಅಂಕಿ ಘೋಷಿಸಿದರೆ ಯಾವ ‘ಪಿ’ ಎಂದು ಮೊದಲು ಕೇಳಬೇಕು.

ಕೋಟೆ_ಬಾಗಿಲು (ಬೀದರ್)

ಯಾರಾದರೂ ಡಾಂಬರನ್ನೂ ಸೇರಿಸಿ. ರಸ್ತೆಗೆ ಹಾಕುವ ‘ಟಾರು’ ತೈಲದಿಂದಲೇ ಬರುತ್ತದೆಯಲ್ಲ?

ಸುರಪುರದ_ಸವಾರ (ಯಾದಗಿರಿ ಜಿಲ್ಲೆ)

ತೈಲದಿಂದ ಬರುವುದು ಬಿಟುಮೆನ್, ಸಂಸ್ಕರಣೆಯ ತಳದಲ್ಲಿ ಉಳಿಯುವ ಭಾಗ. ನಿಜವಾದ ಟಾರು ಕಲ್ಲಿದ್ದಲಿನದು. ರಸ್ತೆಯ ಟೆಂಡರಿನಲ್ಲಿ ‘ವಿಜಿ 30’, ‘ವಿಜಿ 40’ ಎಂದು ಬರೆಯುವುದು ಬಿಟುಮೆನ್ನಿನ ಸ್ನಿಗ್ಧತೆಯ ದರ್ಜೆ. ಬಿಸಿಲು ಮತ್ತು ಭಾರದ ಲಾರಿಗಳ ಓಡಾಟ ಹೆಚ್ಚಿರುವ ಕಡೆ 40 ಒಳ್ಳೆಯದು.

ಬಿಸಿಲುನಾಡು (ಕಲಬುರಗಿ)

ಎಲ್ಲರಿಗೂ ಧನ್ಯವಾದಗಳು. ಹುಮನಾಬಾದಿನ ಅಣ್ಣಾವ್ರಿಗೆ ಒಂದು ಪ್ರಶ್ನೆ ಉಳಿದಿದೆ. ಇಲ್ಲಿಂದ ಹೊರಡುವ ಹುಡುಗರಿಗೆ ಇನ್ನೊಂದೇ ಪದ ಕಲಿಸಿ ಕಳಿಸುವುದಾದರೆ ಯಾವುದನ್ನು ಕಲಿಸಲಿ?

ಹುಮನಾಬಾದಿನವ (ಈಗ ಕೊಲ್ಲಿಯಲ್ಲಿ)

‘ಪರ್ಮಿಟ್’. ಅಪಾಯದ ಕೆಲಸ ಯಾವುದೇ ಇರಲಿ, ಅದಕ್ಕೆ ಬರಹದ ಅನುಮತಿ ಇರುತ್ತದೆ: ಯಾವ ಯಂತ್ರ, ಯಾವ ಕವಾಟ ಮುಚ್ಚಿದೆ, ಕೆಲಸ ಮುಗಿದಿದೆಯೇ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಉತ್ತರ ಸಮುದ್ರದ ಪೈಪರ್ ಆಲ್ಫಾ ವೇದಿಕೆಯಲ್ಲಿ 1988ರ ಜುಲೈ 6ರಂದು ಒಂದು ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆ ಬಿಚ್ಚಿದ್ದರು. ಆ ಮಾಹಿತಿ ಹಗಲು ಪಾಳಿಯಿಂದ ರಾತ್ರಿ ಪಾಳಿಯವರಿಗೆ ತಲುಪಲಿಲ್ಲ. ಇನ್ನೊಂದು ಪಂಪ್ ಕೆಟ್ಟಾಗ ರಾತ್ರಿ ಪಾಳಿಯವರು ಕವಾಟ ಬಿಚ್ಚಿದ್ದ ಪಂಪನ್ನೇ ಚಾಲೂ ಮಾಡಿದರು, ಸೋರಿಕೆಯಾಗಿ ಸ್ಫೋಟಿಸಿತು, 167 ಜನ ಸತ್ತರು. ಪಾಳಿ ಬದಲಾಗುವಾಗ ಬಾಯಿಮಾತು ನಂಬದೆ ಪರ್ಮಿಟ್ ಕೇಳಿ ಓದಬೇಕು, ಓದಲು ಬಾರದ ಭಾಷೆಯಲ್ಲಿದ್ದರೆ ಓದಿಸಿಕೊಳ್ಳಬೇಕು. ಅರ್ಥವಾಗದೆ ಸಹಿ ಹಾಕಬೇಡಿ ಎಂದು ಹೇಳಿ ಕಳಿಸಿ. ಸೂಪರ್‌ವೈಸರ್ ಸಿಡುಕಿದರೂ ಸಿಡುಕಲಿ.